ಖಾತೂನಳ ಮೂರನೆಯ ಬೇಡ

ಅಮೆರಿಕದ ಷಾರ್ಲೆಟ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಕೇಶವಮೂರ್ತಿಯವರು ಮೈಸೂರಿನ ಅಡುಗೆ ಕಂಟ್ರಾಕ್ಟರೊಬ್ಬರ ಮಗ. ಬಡಿಸುವುದು ರಕ್ತದಲ್ಲೇ ಇತ್ತು. 2006ರ ಮಾರ್ಚಿನಲ್ಲಿ ಒಂದು ಸಂಜೆ ಕ್ಯಾಶ್ ಕೌಂಟರಿನ ಖಾತೂನಳನ್ನು ಕರೆದು, ಗಂಟೆಗೆ ಒಂದು ಡಾಲರ್ ಜಾಸ್ತಿ ಕೊಡುತ್ತೇನೆಂದರು.

ಖಾತೂನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬ್ಯಾಂಕಿನ ಕೆಲಸ ಹೋದ ಮೇಲೆ ಗಂಡ ಗಫೂರ್ ಹಗಲೆಲ್ಲ ಕಾಲೇಜಿನಲ್ಲಿ ಓದುತ್ತಿದ್ದ. ಮೂರು ವರ್ಷದ ಮಗಳು ಕೈನಾತಳ ಡೇಕೇರ್ ಫೀಸಿನ ಬಹುಪಾಲು ಕೌಂಟಿ ಸರ್ಕಾರದ ನೆರವಿನಿಂದ ಹೋಗುತ್ತಿತ್ತು. ಸಂಬಳ ಒಂದು ಗೆರೆ ದಾಟಿದರೆ ನೆರವು ಪೂರ್ತಿ ಬಂದ್ ಎಂದು ಡೇಕೇರ್ ಬಾಗಿಲಲ್ಲಿ ಯಾರೋ ಹೇಳಿದ್ದರು. ಬಂದ್ ಆದರೆ ಮಗುವನ್ನು ಬಿಡಿಸಬೇಕು, ಬಿಡಿಸಿದರೆ ಕೆಲಸವನ್ನೂ ಬಿಡಬೇಕು.

"ಬೇಡ ಸರ್," ಎಂದಳು.

ಕೇಶವಮೂರ್ತಿಯವರ ಮುಖ ಅರಳಿತು. ಎಲೆಗೆ ಕೈ ಅಡ್ಡ ಹಿಡಿದವರಿಗೆ ಇನ್ನೊಂದು ಹೋಳಿಗೆ ಹಾಕದಿದ್ದರೆ ಅವರಪ್ಪ ಬೈಯುತ್ತಿದ್ದರು.

"ಸಂಕೋಚ ಯಾಕಮ್ಮ, ಒಂದೂವರೆ ಇರಲಿ."

"ಅಯ್ಯೋ, ನಿಜವಾಗ್ಲೂ ಬೇಡ ಸರ್."

"ಸರಿ, ಎರಡು."

ಇನ್ನೊಂದು ಬೇಡ ಅಂದರೆ ಮೂರಾಗುತ್ತದೆಂದು ಖಾತೂನ್ ಅದನ್ನು ನುಂಗಿಕೊಂಡು ಮನೆಗೆ ಓಡಿದಳು.

ವಿಷಯ ಕೇಳಿದ ಗಫೂರ್ ಹೊಟ್ಟೆ ಮುಂದೆ ಮಾಡಿ, ಸೌಟು ಹಿಡಿದು, ಥೇಟ್ ಕೇಶವಮೂರ್ತಿಯಾಗಿ ಡೈನಿಂಗ್ ಟೇಬಲ್ ಸುತ್ತಿದ. "ನಿಂಗೆ ಬೇಡ ಅನ್ನೋಕೂ ಬರಲ್ಲ ಕಣೇ. ಬೇಡದವರು ಬೆರಳು ಜೋಡಿಸಿ ಕೈ ಅಡ್ಡ ಹಿಡೀತಾರೆ. ಬೇಕಾದವರು ಬೆರಳು ಅಗಲಿಸ್ತಾರೆ, ತುಪ್ಪ ಸಂದಿಯಲ್ಲಿ ಇಳೀಲಿ ಅಂತ." ಕೈನಾತ್ ತಟ್ಟೆಯ ಮೇಲೆ ಐದೂ ಬೆರಳು ಅಗಲಿಸಿ "ಮೋರ್" ಎಂದಳು. ಕಣ್ಣೊರೆಸುತ್ತಲೇ ಖಾತೂನ್ ನಕ್ಕಳು.

ಬೆಳಿಗ್ಗೆ ಕೌಂಟಿ ಆಫೀಸಿಗೆ ಹೋದಳು. ಅಲ್ಲಿನ ಲೊರೆಟಾ ಒಂದೊಂದು ಮಾತನ್ನೂ ಪಾಕದ ಎಳೆಯಂತೆ ಎಳೆದು, ಪ್ರತಿ ಎಳೆಯ ತುದಿಗೊಂದು "ಹನೀ" ಅಂಟಿಸುವ ಹೆಂಗಸು. ಆಕೆ ಕಾಗದದ ಮೇಲೆ ಮೆಟ್ಟಿಲು ಬರೆದು ತೋರಿಸಿದಳು. ನೆರವು ತಾರಸಿಯಿಂದ ಹಾರಿಬೀಳುವುದಿಲ್ಲ, ಸಂಬಳ ಒಂದು ಮೆಟ್ಟಿಲು ಹತ್ತಿದರೆ ಅದು ಒಂದು ಮೆಟ್ಟಿಲು ಇಳಿಯುತ್ತದೆ. ಏರಿದ ಎರಡು ಡಾಲರಿನಲ್ಲಿ ಅರ್ಧ ಡಾಲರಿನಷ್ಟು ಡೇಕೇರಿಗೆ ಹೋಗುತ್ತದೆ, ಮಿಕ್ಕಿದ್ದು ನಿನ್ನದೇ ಹನೀ.

"ಕೈನಾತ್ ಡೇಕೇರಿನಲ್ಲೇ ಇರಬಹುದಾ?" ಎಂದು ಖಾತೂನ್ ಮೂರು ಸಲ ಕೇಳಿದಳು. ಮೂರು ಸಲವೂ "ಯೆಸ್ ಹನೀ" ಸುರಿಯಿತು.

ಅಂಗಡಿಗೆ ಬಂದಾಗ ಕೇಶವಮೂರ್ತಿಯವರು ಬೇಳೆ ತೂಗುತ್ತಿದ್ದರು. ಎರಡು ಡಾಲರು ಒಪ್ಪಿಗೆ ತಾನೇ ಎಂದು ಅನುಮಾನದಿಂದಲೇ ವಿಚಾರಿಸಿದರು.

ಖಾತೂನ್ ತಲೆ ತಗ್ಗಿಸಿದಳು. ಮೆಲ್ಲಗೆ ಕೈ ಅಡ್ಡ ಹಿಡಿದಳು. ಐದೂ ಬೆರಳು ಅಗಲಿಸಿ.

"ಬೇಡ ಸರ್."

"ಎರಡೂಕಾಲು," ಎಂದರು ಕೇಶವಮೂರ್ತಿ.