ಕೆನ್ನೆ ಸೀಳಿದ ದೊರೆ

ರೋಮ್ ದೇಶದ ಆ ದೊರೆಯ ಕೆನ್ನೆಯ ಮೇಲೆ, ಕಿವಿಯಿಂದ ತುಟಿಯವರೆಗೆ, ಒಂದು ಸೀಳಿತ್ತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಬೆಳ್ಳಿಯ ನಾಣ್ಯ. ಅದರಲ್ಲಿ ಎಲೆಗಳ ಕಿರೀಟ ತೊಟ್ಟ, ದಪ್ಪ ಕತ್ತಿನ ಮುಖ.

ಧರಣೇಂದ್ರಯ್ಯನವರ ಹೊಸ ಮನೆಗೆ ಪಾಯ ತೋಡುವಾಗ ಒಂದು ಕುಡಿಕೆಯಲ್ಲಿ ಇಂಥ ಇಪ್ಪತ್ತು ನಾಣ್ಯಗಳು ಸಿಕ್ಕಿದ್ದವು. ಊರಿನವರು ಅವರನ್ನು ಪಂಡಿತರೆಂದು ಕರೆಯುತ್ತಿದ್ದರು. ಹಾಗೆ ಕರೆಯಬೇಕೆಂದು ಹೇಳಿಕೊಟ್ಟವರೂ ಅವರೇ. ಒಂದೇ ವಾರದಲ್ಲಿ ದೊರೆಯ ಜೀವನಚರಿತ್ರೆಯೆಲ್ಲ ಅವರಿಗೆ ತಿಳಿದುಬಿಟ್ಟಿತು. ಕೆನ್ನೆಯ ಸೀಳು ರಣರಂಗದ ಗಾಯವಂತೆ. ಅದನ್ನೂ ಮುಚ್ಚಿಡದೆ ನಾಣ್ಯದಲ್ಲಿ ಅಚ್ಚೊತ್ತಿಸಿದ ಸತ್ಯಸಂಧನಂತೆ. ಇದನ್ನೆಲ್ಲ ಪುಸ್ತಕ ಮಾಡಲು ಹೊರಟರು. ನಾನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೊದಲ ಪುಟದಲ್ಲಿ ನನ್ನ ಹೆಸರೂ ಅಚ್ಚಾಗುತ್ತದೆಂಬ ಆಸೆಗೆ ಚಿತ್ರ ಬರೆದುಕೊಡಲು ಒಪ್ಪಿದೆ.

ಬರೆಯಲು ಕುಳಿತಾಗ ಗೊತ್ತಾಯಿತು: ಮೂರು ನಾಣ್ಯಗಳಲ್ಲಿ ಸೀಳು ಕಣ್ಣಿನ ಮೇಲಿತ್ತು, ಒಂದರಲ್ಲಿ ಕುತ್ತಿಗೆಯ ಮೇಲೆ. ಕೆನ್ನೆಯ ಮೇಲಿದ್ದ ಸೀಳುಗಳೂ ಒಂದೊಂದು ನಾಣ್ಯದಲ್ಲಿ ಒಂದೊಂದು ಓರೆಯಾಗಿದ್ದವು. ಆರರಲ್ಲಂತೂ ದೊರೆಗೆ ಏನೂ ಆಗಿರಲಿಲ್ಲ. ಆ ನಾಣ್ಯಗಳ ಹಿಂಬದಿಯಲ್ಲಿ ಅಚ್ಚಾಗಿದ್ದ, ರೆಂಬೆ ಹಿಡಿದು ಕುಳಿತ ಹೆಂಗಸಿನ ಎದೆಯೇ ಸೀಳಿಹೋಗಿತ್ತು. ಗಂಡ ತೀರಿಕೊಂಡ ಮೇಲೆ ಅವನ ಬೆಳ್ಳಿ ಕೆಲಸ ಮುಂದುವರಿಸಿದ್ದ ಕಾಳಿಕಮ್ಮನಿಗೆ ತೋರಿಸಿದೆ.

"ಇದು ಉಳಿಯ ಏಟು ಮೇಷ್ಟ್ರೇ," ಎಂದಳು. "ಒಳಗೂ ಬೆಳ್ಳೀನೋ, ತಾಮ್ರದ ಮೇಲೆ ಲೇಪ ಕೊಟ್ಟಿದಾರೋ ಅಂತ ಯಾರೋ ಹೊಡೆದು ನೋಡಿದಾರೆ. ನಾವೂ ಹಂಗೇ ನೋಡೋದು."

ಧರಣೇಂದ್ರಯ್ಯನವರಿಗೆ ಹೇಳಿದೆ. "ಒಲೆ ಊದೋ ಹೆಂಗಸು ನನಗೆ ಇತಿಹಾಸ ಹೇಳಿಕೊಡ್ತಾಳೋ?" ಎಂದು ಹೊಟ್ಟೆ ಕುಲುಕಿಸಿ ನಕ್ಕರು. ಆಮೇಲೆ ನಾಣ್ಯಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಅವರು ದಡ್ಡರಾಗಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ. ಅವರಿಗೆ ಎಲ್ಲವೂ ಅರ್ಥವಾಗಿತ್ತು. ಕೆನ್ನೆ ಸೀಳಿದ ನಾಣ್ಯಗಳಲ್ಲಿ ಚೆಂದದ್ದೊಂದನ್ನು ಆರಿಸಿಟ್ಟುಕೊಂಡು ಉಳಿದ ಹತ್ತೊಂಬತ್ತನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕಡೆ ತಳ್ಳಿದರು.

"ಇವು ನಮ್ಮ ವಾದಕ್ಕೆ ಅಡ್ಡ ಬರ್ತವೆ ಮೇಷ್ಟ್ರೇ. ಕರಗಿಸಿ ತಂದುಬಿಡಿ."

'ನಮ್ಮ' ಎಂದಿದ್ದರು. ಆ ಮಾತು ಕೇಳಿ ನನಗೆ ಹಿತವಾಯಿತು.

ಕಾಳಿಕಮ್ಮ ಗಂಟು ಬಿಚ್ಚಿದವಳೇ ಕೈ ಹಿಂತೆಗೆದಳು. "ಎಷ್ಟು ಕೈ ದಾಟಿ ಬಂದಿದಾವೋ ಏನೋ. ನಾನು ಮುಟ್ಟಲ್ಲ. ಮೂಸೆ ಕಾದಿದೆ. ಅಷ್ಟು ಬೇಕಿದ್ದರೆ ನೀವೇ ಹಾಕಿ."

ಇಕ್ಕಳವನ್ನು ನನ್ನ ಕೈಗೆ ಕೊಟ್ಟಳು. ಒಂದೊಂದಾಗಿ ಹಾಕಿದೆ. ಮೊದಲು ಕಿರೀಟದ ಎಲೆಗಳು ಕರಗುತ್ತಿದ್ದವು, ಆಮೇಲೆ ಮೂಗು. ಸೀಳು ಮಾತ್ರ ಕೊನೆಯವರೆಗೂ ಕಾಣುತ್ತಿತ್ತು. ಹತ್ತೊಂಬತ್ತೂ ಮುಗಿಯುವವರೆಗೆ ಅವಳು ನನಗೆ ಬೆನ್ನು ಮಾಡಿ ಬೀದಿ ನೋಡುತ್ತ ನಿಂತಿದ್ದಳು. ಕೂಲಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಪುಸ್ತಕ ಬಂತು. ಸಭೆಯಲ್ಲಿ ಪಂಡಿತರು ದೊರೆಯ ಗಾಯವನ್ನು ವರ್ಣಿಸುತ್ತ ಗದ್ಗದಿತರಾದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ. ಮೊದಲ ಪುಟದಲ್ಲಿ ನನ್ನ ಹೆಸರಿರಲಿಲ್ಲ.

ಕರಗಿಸಿ ತಂದ ಬೆಳ್ಳಿಯಲ್ಲಿ ಅವರು ಸುಣ್ಣದ ಡಬ್ಬಿ ಮಾಡಿಸಿಕೊಂಡಿದ್ದರು. ಅಂದು ಊಟವಾದ ಮೇಲೆ ಅದರ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ನಾನು ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ವೀಳ್ಯದೆಲೆಗೆ ಸವರಿಕೊಂಡೆ.