ಗುಳ್ಳೆಯಿಲ್ಲದ ಸೀಸೆ

ಮಳೆ ತುಸು ಬಿಡುವು ಕೊಟ್ಟದ್ದೇ ತಡ, ಶವದ ಗಾಡಿಯ ಹಿಂಬಾಗಿಲು ತೆಗೆಸಿ ಆಕೆಯ ತಮ್ಮ ಮನೆಯೊಳಗೆ ಬಂದ. "ಅಕ್ಕಾ, ಇನ್ನೊಂದು ಅಬ್ಬರ ಬರೋದ್ರೊಳಗೆ ಭಾವನ್ನ ಹೊರಡಿಸಿಬಿಡೋಣ."

ಗಂಡನ ತಲೆಯ ಬಳಿ ಕುಳಿತಿದ್ದ ಆಕೆಯ ಕಣ್ಣು ಬಾಗಿಲ ಬಳಿ ನಿಂತವನ ಮೇಲಿತ್ತು. ಗಂಡನ ಪ್ರಯೋಗಾಲಯದ ಸಹಾಯಕ; ಹೂವಿನ ಹಾರ ಕೈಯಲ್ಲೇ ಉಳಿದು, ನೋಟ ಮತ್ತೆಮತ್ತೆ ಮಹಡಿಯ ಮೆಟ್ಟಿಲಿಗೆ ಹೋಗುತ್ತಿತ್ತು.

"ಏನಪ್ಪಾ, ಕೇಳೋಕೆ ಸಂಕೋಚನಾ?"

"ತಾರಸಿ ಮೇಲೆ ಸರ್ ಮೊನ್ನೆ ಇಟ್ಟ ಮಳೆ ಹಿಡಿಯೋ ಆಲಿಕೆ ಇದೆಯಮ್ಮಾ. ಬೆಳಗಿನ ಮಳೆ ಈಗಲೇ ಮುಚ್ಚಿಡದಿದ್ರೆ ಮುಂದಿನದು ಬೆರೆತು ಕೆಡುತ್ತೆ. ಇರಲಿ ಬಿಡಿ, ಇಂಥ ಹೊತ್ತಲ್ಲಿ…"

"ನಿಮ್ಮ ಸರ್ ಬಿಡ್ತಿದ್ರಾ?"

* * *

ಮದುವೆಯಾದ ಹೊಸತರಲ್ಲಿ ಆಕೆ ನಕ್ಕಿದ್ದಳು: "ನೀರಲ್ಲೂ ಭಾರ, ಹಗುರ ಅಂತ ಇರುತ್ತಾ?"

"ಇರುತ್ತೆ. ಐಸೋಟೋಪು ಅಂತಾರೆ. ಚಂಡಮಾರುತ ಸುತ್ತುತ್ತಾ ಬರುವಾಗ ಭಾರದ್ದನ್ನ ದಾರೀಲೇ ಸುರಿದುಬಿಡುತ್ತೆ. ನಡುವಿಗೆ ಹತ್ತಿರವಾದಷ್ಟೂ ಮಳೆ ಹಗುರ. ಎಲ್ಲಿಂದ ಬಂದೆ ಅಂತ ಹನಿಯೇ ಹೇಳುತ್ತೆ."

"ನೀವು ಇಷ್ಟು ಹೊತ್ತಿಗೆ ಎಲ್ಲಿಂದ ಬಂದ್ರಿ ಅಂತ ಮಾತ್ರ ಕೇಳಬಾರದು!"

ಸೀಸೆಯಲ್ಲಿ ಗಾಳಿ ಉಳಿದರೆ ನೀರು ಆವಿಯಾಗಿ ಲೆಕ್ಕ ತಪ್ಪುತ್ತದೆಂದು ಕಂಠಮಟ್ಟ ತುಂಬಿಸುವುದು ಅವರ ಕಸುಬು; ಅದೇ ಚಾಳಿ ಮನೆಗೂ ಬಂತು. ಕಾಫಿ ಲೋಟ ತುಳುಕದ ದಿನವಿಲ್ಲ, ಆಕೆ ಬೈಯದ ದಿನವಿಲ್ಲ.

ಊರೂರು ಅಲೆದು ಪರರ ಮಳೆ ಹಿಡಿದವರಿಗೆ ಒಂದೇ ಕೊರಗು: "ಒಂದು ಚಂಡಮಾರುತದ ಸುಳಿಯಾದ್ರೂ ನಮ್ಮ ಸೂರಿನ ಮೇಲೆ ಬರಬಾರದಾ?"

"ಬಾಯಿಗೆ ಬೀಗ ಹಾಕ್ರೀ! ಸೂರೇ ಹಾರಿಹೋದೀತು."

ಮೊನ್ನೆ ಆಲಿಕೆ ಇಟ್ಟು ಕೆಳಗಿಳಿದವರು, ನಿನ್ನೆ ಸಂಜೆ ಕಿಟಕಿಯ ಬಳಿ ಮೋಡ ನೋಡುತ್ತಲೇ ಕಣ್ಣು ಮುಚ್ಚಿದ್ದರು. ಸುಳಿ ಇಂದು ಬಂದಿತ್ತು.

* * *

"ಅಕ್ಕಾ, ಈಗೆಲ್ಲಿಗೆ?" ತಮ್ಮನೂ ಕೊಡೆ ಹಿಡಿದು ಹಿಂದೆಯೇ ಮೆಟ್ಟಿಲು ಹತ್ತಿದ. "ಜನ ಏನಂತಾರೆ?"

"ಅನ್ನಲಿ ಬಿಡೋ. ನಿಮ್ಮ ಭಾವ ಏನಂತಿದ್ರು, ಅದು ಹೇಳು."

ಅವನು ಕೊಡೆಯನ್ನು ಅವಳತ್ತ ಬಾಗಿಸಿದ.

ಆಲಿಕೆ ತೆಗೆದು, ಅದರ ಕೆಳಗಿನ ಡಬ್ಬಿಯಿಂದ ಸಹಾಯಕ ಕೊಟ್ಟ ಸಣ್ಣ ಸೀಸೆಗೆ ಆಕೆ ನೀರು ಬಗ್ಗಿಸಿದಳು. ಕಂಠ ಮುಟ್ಟಿತು.

"ಸಾಕಮ್ಮಾ," ಎಂದ ಸಹಾಯಕ.

"ಸಾಲದು."

ನೀರು ಅಂಚು ಮೀರಿ ಉಬ್ಬಿ ನಿಂತಿತು. ಬೆರಳುಗಳ ಮೇಲೆ ತುಳುಕಿತು. ಆಗಷ್ಟೇ ಮುಚ್ಚಳ ತಿರುಗಿಸಿ, ಸೀಸೆಯನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದಳು. ಒಳಗೆ ಬೂದುಬಣ್ಣದ ಆಕಾಶ ತಲೆಕೆಳಗಾಗಿ ನಿಂತಿತ್ತು, ಒಂದೇ ಒಂದು ಗುಳ್ಳೆಯೂ ಇಲ್ಲದೆ.