ಬಿಸಿಲಿಗೆ ಹರವಿದ ಗೊಬ್ಬರ

ಸರಿತಾಗೆ ಹೊಲದಲ್ಲಿ ಕೆಲಸವಿತ್ತು, ಮಾತಿರಲಿಲ್ಲ. ಏನು ಬಿತ್ತಬೇಕು, ಯಾವ ಔಷಧಿ ಹೊಡೆಯಬೇಕು ಎಂಬುದೆಲ್ಲ ಮಾವ ದೊಡ್ಡೀರಪ್ಪನ ತೀರ್ಮಾನ. ಹೋದ ವರ್ಷ ಬೋರ್‌ವೆಲ್ ಪಕ್ಕದ ಹೊಲಕ್ಕೆ ಅವನು ಆಲೂಗಡ್ಡೆ ಇಟ್ಟಿದ್ದ. ಅಂಗಡಿಯವನು ಕೊಟ್ಟಿದ್ದನ್ನೆಲ್ಲ ಹೊಡೆದರೂ ಗಿಡಗಳು ಬುಡ ಕಪ್ಪಾಗಿ ಮಲಗಿದವು.

ಈ ಸಲ ಸರಿತಾ ಚಳ್ಳಕೆರೆಯ ಕೃಷಿ ತರಬೇತಿಯಿಂದ ಟ್ರೈಕೊಡರ್ಮ ಪುಡಿಯ ಪೊಟ್ಟಣ ತಂದಳು. ಅದೂ ಒಂದು ಬೂಷ್ಟೇ. ಆದರೆ ಮಣ್ಣಿನಲ್ಲಿದ್ದು ಗಿಡ ಕೊಳೆಸುವ ಬೂಷ್ಟನ್ನು ತಿಂದುಹಾಕುವಂಥದ್ದು. ಹಳೆಯ ಕುರಿಗೊಬ್ಬರಕ್ಕೆ ಬೆರೆಸಿ, ಬೇವಿನ ಮರದಡಿ ಗುಡ್ಡೆ ಹಾಕಿ, ಒದ್ದೆ ಗೋಣಿ ಹೊದಿಸಿದಳು. ತೇವ ಆರದಿದ್ದರೆ ಅದು ಗೊಬ್ಬರದ ತುಂಬ ಹಬ್ಬುತ್ತದೆ. ಆಲೂಗಡ್ಡೆ ಇಡುವಾಗ ಸಾಲಿಗೆ ಸುರಿಯಬೇಕು.

ಅಷ್ಟರಲ್ಲಿ ಮುಟ್ಟಾದಳು. ಹಟ್ಟಿಯ ರೂಢಿಯಂತೆ, ಮುಟ್ಟಾದವರು ಕೂರುವ ಊರಾಚೆಯ ಗುಡ್ಲು ಸೇರಿದಳು. ಊಟ ತಂದ ಅತ್ತೆ ಪಾತಮ್ಮ ತಟ್ಟೆಯನ್ನು ದೂರದಲ್ಲೇ ಇಟ್ಟಳು.

“ಅತ್ತೆ, ಗೊಬ್ಬರಕ್ಕೆ ನೀರು ಚಿಮುಕಿಸಾಕೆ ನಿಮ್ಮ ಮಗನಿಗೆ ಹೇಳಿದ್ರಾ?”

“ಇನ್ನೆಲ್ಲಿ ನೀರು? ನಿಮ್ಮ ಮಾವ ಗೋಣಿ ತೆಗೆದು ನೋಡಿದ್ರು. ಹಸ್ರು ಬೂಷ್ಟು ಹಿಡಿದೈತೆ. ಮುಟ್ಟಾಗೋ ಹೊತ್ನಾಗೆ ನೀನು ಕೈ ಹಾಕಿದ್ದಕ್ಕೇ ಕೆಟ್ಟೋಯ್ತು ಅಂತ ಬಿಸಿಲಿಗೆ ಹರವ್ತಾ ಅವ್ರೆ.”

ಸರಿತಾ ಎದ್ದು ನಿಂತಳು. “ಹಸ್ರಾಗ್ಲಿ ಅಂತಾನೇ ನಾನು ಕಾಯ್ತಿದ್ದೆ! ಬಿಸಿಲಿಗೆ ಹಾಕಿದ್ರೆ ಸತ್ತೇ ಹೋಗ್ತದೆ.”

“ಎಲ್ಲಿಗೇ ಹೊಂಟೆ? ದಾರ್ಯಾಗೆ ದೇವ್ರು ಐತೆ!”

“ಆ ಕಡೆ ತಿರುಗಿ ಕುಂತ್ಕಳ್ಳಲಿ ಬಿಡ್ರಿ.”

ಹಟ್ಟಿಯ ನಟ್ಟನಡುವೆಯೇ ನಡೆದಳು. ಎದುರು ಬಂದ ಹೆಂಗಸರು ಸೆರಗು ಎಳೆದುಕೊಂಡು ಗೋಡೆಗೆ ಅಂಟಿ ನಿಂತರು. ಬೇವಿನ ಮರದ ಹತ್ತಿರ ಅರ್ಧ ಗೊಬ್ಬರ ಆಗಲೇ ಬಿಸಿಲಲ್ಲಿ ಹರಡಿಕೊಂಡಿತ್ತು. ದೊಡ್ಡೀರಪ್ಪ ಸಲಿಕೆ ಎತ್ತಿದ.

“ನಿಲ್ಲು ಅಲ್ಲೇ! ಹಟ್ಟಿ ಒಳಗೆ ಹೆಂಗ್ ಬಂದೆ?”

“ನಡ್ಕೊಂಡು ಬಂದೆ. ಸಲಿಕೆ ಕೆಳಗಿಡ್ರಿ ಮಾವ.”

“ನಮ್ಮವ್ವ, ನಮ್ಮಜ್ಜಿ ಎಲ್ರೂ ಗುಡ್ಲಾಗೆ ಕುಂತೋರೇ. ನೀನೊಬ್ಳು ಹೆಚ್ಚಾ? ನಾಳೆ ಯಾರ ಮನೆ ಕುರಿ ಸತ್ರೂ ನನ್ನ ಮುಖಕ್ಕೆ ಉಗೀತಾರೆ. ನಿಂಗೇನು, ತರಬೇತಿ ಅಂತ ಬಸ್ ಹತ್ತಿ ಹೋಗ್ತೀಯ. ನಾನು ಇಲ್ಲೇ ಬಾಳ್ಬೇಕು.”

“ಹೋದ ವರ್ಷ ನಾನು ಏನೂ ಮುಟ್ಟಿರ್ಲಿಲ್ಲ. ಗಡ್ಡೆ ಯಾಕ್ ಕೊಳೀತು?”

ದೊಡ್ಡೀರಪ್ಪ ಸಲಿಕೆಯನ್ನು ನೆಲಕ್ಕೆ ಚುಚ್ಚಿ ಮಗನ ಕಡೆ ತಿರುಗಿದ. ಗಂಡ ಪಾಲಾಕ್ಷ ಟಗರಿನ ಹಗ್ಗ ಹಿಡಿದು ನೆಲ ನೋಡುತ್ತಿದ್ದ.

“ನೀವಾದ್ರೂ ಒಂದು ಮಾತಾಡ್ರಿ,” ಅಂದಳು.

“ಹಗ್ಗ ಬಿಟ್ರೆ ಟಗರು ಓಡ್ತದೆ ಕಣೇ.”

“ಹಂಗಾದ್ರೆ ಟಗರನ್ನೇ ಹಿಡ್ಕಂಡಿರ್ರಿ.”

ನೆರಳಿನಲ್ಲಿ ಉಳಿದಿದ್ದ ಅರ್ಧ ಗುಡ್ಡೆಗೆ ತಾನೇ ಬಿಂದಿಗೆ ತುಂಬಿ ನೀರು ಚಿಮುಕಿಸಿದಳು. ಗೋಣಿ ಹೊದಿಸಿದಳು. ಗುಡ್ಲಿಗೆ ವಾಪಸ್ ಹೋಗಲಿಲ್ಲ.

ಗಡ್ಡೆ ಇಡುವ ದಿನ ದೊಡ್ಡೀರಪ್ಪ, “ನೀನು ಮುಟ್ಟಿದ ಗೊಬ್ಬರ ನನ್ನ ಸಾಲಿಗೆ ಬೀಳಬಾರ್ದು,” ಅಂದ. ಬದುವಿನ ಕಡೆಯ ಆರು ಸಾಲು ಬಿಟ್ಟುಕೊಟ್ಟ. ಹೋದ ವರ್ಷ ಎಲ್ಲಕ್ಕಿಂತ ಮೊದಲು ಕೊಳೆತ ಜಾಗ ಅದು. ಸರಿತಾಗೆ ಅದು ಗೊತ್ತಿತ್ತು.

“ಅದೇ ಇರ್ಲಿ,” ಅಂದಳು.

ಮುಂದಿನ ತಿಂಗಳು ಮುಟ್ಟಾದಾಗ ಅವಳು ಮನೆಯಲ್ಲೇ ಉಳಿದಳು. ಪಕ್ಕದ ಮನೆಯ ವೀರಮ್ಮ ಮಜ್ಜಿಗೆಗೆ ಬರುವುದು ಬಿಟ್ಟಳು. ಹಟ್ಟಿಯ ಹಿರಿಯ ಓಬಯ್ಯ ಜಗುಲಿಗೆ ಬರುವುದು ಬಿಟ್ಟ. ದೊಡ್ಡೀರಪ್ಪ ಗೋಡೆಗೆ ಮುಖ ಮಾಡಿ ಉಂಡ. ಪಾತಮ್ಮ ಮಾತ್ರ ಸೊಸೆಯ ತಟ್ಟೆಯನ್ನು ತಂದು ತನ್ನ ತಟ್ಟೆಯ ಪಕ್ಕ ಇಟ್ಟಳು. “ಆ ಗುಡ್ಲಾಗೆ ನಂಗೆ ಒಂದ್ಸಲ ಚೇಳು ಕಡಿದಿತ್ತು,” ಅಂದಳು. “ಆವಾಗ್ಲೂ ಯಾರೂ ಮುಟ್ಲಿಲ್ಲ.”

ಹೊಲದಲ್ಲಿ ಮಾವನ ಸಾಲುಗಳು ಒಂದೊಂದಾಗಿ ಮಲಗತೊಡಗಿದವು. ಗಡ್ಡೆ ಕೀಳುವ ದಿನ ದೊಡ್ಡೀರಪ್ಪ ಬದುವಿನ ಕಡೆಯ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಮಣ್ಣು ಬಗೆದ. ಗಟ್ಟಿ ಗಡ್ಡೆಯೊಂದನ್ನು ಉಗುರಿನಿಂದ ಒತ್ತಿ ನೋಡಿದ. ಎಲ್ಲೋ ನೋಡುತ್ತ ಕೇಳಿದ:

“ಮುಂದಿನ ಸಲ ಇಡೀ ಹೊಲಕ್ಕೆ ಆಗೋವಷ್ಟು ಮಾಡ್ತೀಯಾ?”

“ಮಾಡ್ತೀನಿ. ನಡುವೆ ಮುಟ್ಟಾದ್ರೆ?”

ದೊಡ್ಡೀರಪ್ಪ ಕೈಯ ಮಣ್ಣು ಕೊಡವಿಕೊಂಡ. “ಗೊಬ್ಬರಕ್ಕೆ ನೀರಂತೂ ಬೇಕಲ್ಲ,” ಅಂದ.

ಆ ವರ್ಷ ಮಾವನ ಇಪ್ಪತ್ತು ಸಾಲುಗಳಲ್ಲಿ ಹದಿನಾಲ್ಕು ಹೋದವು. ಸೊಸೆಯ ಆರರಲ್ಲಿ ಒಂದು ಹೋಯಿತು. ಮಾತು ಬಿಟ್ಟ ಮನೆ, ಎರಡು: ವೀರಮ್ಮನದು, ಓಬಯ್ಯನದು.